ಎರಡು ಕಾರ್ಬುರೇಟರ್, ಒಂದು ಬಂಡಿ

ಮಲಪ್ರಭೆಯ ದಂಡೆಯ ಮೇಲಿನ ಮಠಕ್ಕೆ ಒಂದು ಮುಂಜಾನೆ ಕಲ್ಮೇಶ ಬಂದ. ಹೆಗಲಿಗೆ ಒಂದು ಚೀಲ, ಮುಖದ ತುಂಬ ವೈರಾಗ್ಯ.

ಮುರುಗಯ್ಯಜ್ಜ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಲ್ಮೇಶ ಅವರ ಕಾಲ ಬಳಿ ಉದ್ದಕ್ಕೆ ಅಡ್ಡಬಿದ್ದ.

"ಅಜ್ಜಾರ, ನನಗ ದೀಕ್ಷಾ ಕೊಡ್ರಿ."

"ಏಳು. ಅವರಿಕಾಯಿ ಮ್ಯಾಲೆ ಬಿದ್ದಿ."

ಕಲ್ಮೇಶ ಎದ್ದು, ಎದೆಗೆ ಅಂಟಿದ ಸಿಪ್ಪೆ ಕೊಡವಿಕೊಂಡ.

"ಮನ್ಯಾಗ ಯಾರ್ಯಾರ ಅದಾರ?" ಅಜ್ಜ ಕೇಳಿದರು.

"ಯಾರೂ ಇಲ್ಲರಿ. ನಾ ಒಬ್ಬನ."

ಅಜ್ಜ ಅವನ ಅಂಗಿ ನೋಡಿದರು. ಬಿಳಿ ಅಂಗಿ. ಅದರ ಒಂದು ಗುಂಡಿಯನ್ನು ಮಾತ್ರ ಕೆಂಪು ದಾರದಲ್ಲಿ ಹೊಲಿಯಲಾಗಿತ್ತು.

"ಆ ಗುಂಡಿ ನೀನ ಹಚ್ಚೀಯೇನು?"

ಕಲ್ಮೇಶ ಗುಂಡಿಯ ಮೇಲೆ ಕೈ ಇಟ್ಟುಕೊಂಡ.

"ಹೆಂಡ್ತಿ ಹಚ್ಚಿದ್ದರಿ. ನೀಲವ್ವ ಅಂತ. ತವರಮನಿಗೆ ಹೋಗ್ಯಾಳ."

"ಬಾಣಂತನಕ್ಕ?"

"ಸಿಟ್ಟಿಗೆದ್ದು."

ಅಜ್ಜ ಕಾಯಿ ಸುಲಿಯುತ್ತಲೇ ಇದ್ದರು. ಕೇಳದಿದ್ದರೂ ಕಲ್ಮೇಶನೇ ಹೇಳತೊಡಗಿದ.

ಊರಲ್ಲಿ ಅವನಿಗೆ ಹಿಟ್ಟಿನ ಗಿರಣಿ ಇತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುತ್ತಿದ್ದರು. ಬೀಸುವ ಕಲ್ಲುಗಳ ಸಂದನ್ನು ನೀಲವ್ವ ಹೊಂದಿಸಿದರೆ, ಕಲ್ಮೇಶ ಬಂದು ಮತ್ತೆ ಹೊಂದಿಸುತ್ತಿದ್ದ. ಅವಳು ಬೆಲ್ಟು ಬಿಗಿದರೆ ಸಡಿಲಿಸುತ್ತಿದ್ದ, ಸಡಿಲ ಬಿಟ್ಟರೆ ಬಿಗಿಯುತ್ತಿದ್ದ. ಅವಳು ಇಟ್ಟ ಬುಟ್ಟಿಯನ್ನೂ ಒಂದು ಗೇಣು ಆಚೆ ಸರಿಸಿ ಇಡುತ್ತಿದ್ದ.

"ಇದರಾಗ ತಪ್ಪೇನ್ರಿ ಅಜ್ಜಾರ? ನಾ ಸರಿ ಮಾಡತಿದ್ದೆ, ಕೆಡಸತಿದ್ದಿಲ್ಲ."

"ಹೋಗೂ ಮುಂದ ಆಕಿ ಏನಂದ್ಲು?"

ಕಲ್ಮೇಶ ಹೇಳಿದ. "'ಎಲ್ಲಾ ತಿದ್ದಿ ಮುಗಸೀರಿ, ಇನ್ನ ನಾ ಒಬ್ಬಾಕಿ ಉಳದೇನಿ. ನನ್ನೂ ಬಿಚ್ಚಿ ಜೋಡಸಿಬಿಡ್ರಿ' ಅಂದ್ಲು."

"ಮಾತು ಬಲ್ಲಾಕಿ," ಅಂದರು ಅಜ್ಜ.

"ಬರೂ ಸೋಮವಾರ ಆಕಿ ಊರಾಗ ಹಿರ್ಯಾರು ಕೂಡತಾರ. ಸಂಬಂಧ ಕಡದಬಿಡೂದು ಅಂತ ಮಾತು ನಡದೈತಿ. ಅಷ್ಟರಾಗ ನನಗ ದೀಕ್ಷಾ ಆದ್ರ ನಾ ಅಲ್ಲಿಗೆ ಹೋಗೂದ ಬ್ಯಾಡ. ನಿಮ್ಮಂಗ ಇರಬೇಕು ಅನಸೈತ್ರಿ. ನೀವು ಯಾರನ್ನೂ ಕೇಳೂದಿಲ್ಲ, ಯಾರಿಗೂ ಹೇಳೂದಿಲ್ಲ. ಮನಸಿಗೆ ಬಂದ್ರ ಬರಿಗಾಲಿಲೆ ನಡಕೊಂಡ ಹೊಂಟಬಿಡತೀರಿ."

ಅಜ್ಜ ಸುಲಿದ ಕಾಳಿನ ಬುಟ್ಟಿ ಎತ್ತಿಕೊಂಡು ಎದ್ದರು.

"ನಮ್ಮ ಮಠದ ಪದ್ಧತಿ ಗೊತ್ತೈತೇನು?"

"ಕೇಳೇನ್ರಿ."

ಸುತ್ತಲ ಊರಿನವರೆಲ್ಲ ಕೇಳಿದ್ದರು. ಅಲ್ಲಿ ದೀಕ್ಷೆ ಬೇಡಿ ಬಂದವನು ಮೊದಲು ಒಂದು ಕಾಯಕ ಮಾಡಬೇಕು. ಏನು ಮಾಡಬೇಕೆಂಬುದನ್ನು ಅಜ್ಜ ಹೇಳುತ್ತಾರೆ. ಆದರೆ ಮುಗಿಯಿತು ಎಂದು ಅಜ್ಜ ಹೇಳುವುದಿಲ್ಲ, ಮಾಡಿದವನೂ ಹೇಳುವಂತಿಲ್ಲ. ಮಾಡಿದ ಕೆಲಸವೇ ಹೇಳಬೇಕು. ಬಾವಿ ತೋಡಿದವನಿಗೆ ನೀರು ಹೇಳಿತ್ತಂತೆ. ಒಲೆ ಹೂಡಿದವನಿಗೆ ರೊಟ್ಟಿ ಹೇಳಿತ್ತಂತೆ.

ಅಜ್ಜ ಅವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಒಂದು ತಾಡಪತ್ರಿ ಎಳೆದರು. ಕೆಳಗೆ ಎರಡು ಸಿಲಿಂಡರಿನ ಹಳೆಯ ವಿಲಾಯತಿ ಮೋಟಾರ್ ಸೈಕಲ್ ನಿಂತಿತ್ತು.

ಅದು ಯಾರೋ ಭಕ್ತರು ಮಠಕ್ಕೆ ಕೊಟ್ಟದ್ದು. ಸನ್ಯಾಸಕ್ಕೆ ಮೊದಲು ಅಜ್ಜ ಮಿಲಿಟರಿ ವರ್ಕ್‌ಶಾಪಿನಲ್ಲಿ ಇಂಥ ಬಂಡಿಗಳನ್ನೇ ರಿಪೇರಿ ಮಾಡುತ್ತಿದ್ದರು. ಆದರೆ ಇದನ್ನು ಅವರು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಊರೂರಿಗೂ ನಡೆದೇ ಹೋಗುವವರು.

"ಎಂಜಿನ್ ಚೊಲೊ ಐತಿ. ಕಾರ್ಬುರೇಟರ್ ಎರಡೂ ಕಟ್ಟಿಕೊಂಡಾವ. ಬಿಚ್ಚಿ, ತೊಳದು, ಜೋಡಸು."

"ಒಂದು ಬಂಡಿಗೆ ಎರಡ ಯಾಕ್ರಿ?"

"ಎಡದ ಸಿಲಿಂಡರಿಗೆ ಒಂದು, ಬಲದ್ದಕ್ಕ ಒಂದು. ಗಾಳಿಯೊಳಗ ಪೆಟ್ರೋಲ್ ಕಲಸಿ ಉಸಿರು ಕೊಡತಾವ."

ಕಲ್ಮೇಶನ ಮುಖ ಅರಳಿತು. ಬಾವಿ ತೋಡು ಅಂದಿದ್ದರೆ ಕಷ್ಟವಿತ್ತು. ಗಿರಣಿಯ ಎಂಜಿನ್ನಿನಲ್ಲಿ ಪಳಗಿದವನಿಗೆ ಇದು ನೀರು ಕುಡಿದಷ್ಟು ಸುಲಭ.

"ಸೋಮವಾರದ ಒಳಗ ಮುಗಸತೇನ್ರಿ."

"ಬಂಡಿ ಏನ ಅಂತೈತಿ ನೋಡೂಣು," ಅಂದರು ಅಜ್ಜ.

ಕಲ್ಮೇಶ ಕೆಲಸಗಾರ ಅನ್ನುವುದರಲ್ಲಿ ಎರಡು ಮಾತಿಲ್ಲ. ಅಂದೇ ಎರಡನ್ನೂ ಬಿಚ್ಚಿದ. ಒಳಗೆ ಹಳೆಯ ಪೆಟ್ರೋಲು ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಅಡುಗೆಮನೆಯಿಂದ ದೊಡ್ಡ ಪರಾತ ತಂದು, ಸೀಮೆಎಣ್ಣೆ ಸುರಿದು, ಎರಡರ ಭಾಗಗಳನ್ನೂ ಅದರಲ್ಲಿ ನೆನೆಹಾಕಿದ. ಪೆಟ್ರೋಲು ಹಾಯುವ ಜೆಟ್ಟುಗಳ ಸಣ್ಣ ತೂತುಗಳನ್ನು ಬಾಯಿಂದ ಊದಿ ಊದಿ ಬಿಡಿಸಿದ. ಸಂಜೆಯ ಹೊತ್ತಿಗೆ ಎಲ್ಲವೂ ಬೆಳ್ಳಿ ಸಾಮಾನಿನಂತೆ ಹೊಳೆಯುತ್ತಿದ್ದವು.

ಹೊಳೆಯ ಕಡೆ ಹೊರಟಿದ್ದ ಅಜ್ಜ ನಿಂತು ಪರಾತ ನೋಡಿದರು.

"ಎಡದ್ದು ಯಾವುದೋ?"

"ಎರಡೂ ಒಂದರಿ ಅಜ್ಜಾರ. ಒಂದ ಕಂಪನಿ, ಒಂದ ನಂಬರು, ಒಂದ ಅಳತಿ. ಎಡದ್ದೇನು, ಬಲದ್ದೇನು?"

"ಹೌದು?" ಎಂದು ಅಜ್ಜ ಜಳಕಕ್ಕೆ ಹೋದರು.

ಮರುದಿನ ಕಲ್ಮೇಶ ಜೋಡಿಸಲು ಕೂತ.

ಈ ಕಾರ್ಬುರೇಟರಿನ ಗಂಟಲಲ್ಲಿ ಸ್ಲೈಡ್ ಎಂಬ ಸಣ್ಣ ಲೋಹದ ಕೊಳವೆ ಇರುತ್ತದೆ. ಬಂಡಿಯ ಹಿಡಿ ತಿರುವಿದರೆ ಅದು ಮೇಲೆ ಏರಿ ಗಾಳಿಗೆ ದಾರಿ ಬಿಡುತ್ತದೆ. ಹಿಡಿ ಬಿಟ್ಟರೆ ಕೆಳಗೆ ಜಾರಿ ದಾರಿ ಮುಚ್ಚುತ್ತದೆ. ಬಂಡಿ ಓಡುವುದೂ ನಿಲ್ಲುವುದೂ ಅದರ ಮೇಲೆ.

ಎಡದ ಗಂಟಲಲ್ಲಿ ಸ್ಲೈಡು ಬಿಗಿಯಾಗಿ ಕೂತಿತು. ಬಲದಲ್ಲಿ ಲೊಡಲೊಡ ಅಂದಿತು. ಹೊಸದಾಗಿ ತೊಳೆದದ್ದು, ಓಡುತ್ತ ಓಡುತ್ತ ಸರಿ ಹೋದೀತು ಅಂದುಕೊಂಡ ಕಲ್ಮೇಶ.

ಕಿಕ್ ಹೊಡೆದ. ಬಂಡಿ ಶುರುವಾಯಿತು. ಖುಷಿಯಲ್ಲಿ ಹಿಡಿ ತಿರುವಿದ. ಎಂಜಿನ್ನು ಆರ್ಭಟಿಸಿತು.

ಹಿಡಿ ಬಿಟ್ಟ. ಆರ್ಭಟ ನಿಲ್ಲಲಿಲ್ಲ. ಏರುತ್ತಲೇ ಹೋಯಿತು. ಕೋಳಿಗಳು ಗೋಡೆ ಹಾರಿದವು. ಎಮ್ಮೆ ಗೂಟ ಕಿತ್ತುಕೊಂಡು ಮಠದ ಅಂಗಳಕ್ಕೆ ನುಗ್ಗಿತು. ದಿಕ್ಕು ತೋಚದೆ ಕಲ್ಮೇಶ ಬರಿಗೈಯಲ್ಲಿ ಪ್ಲಗ್ಗಿನ ವೈರುಗಳನ್ನು ಕಿತ್ತ. ಶಾಕ್ ಹೊಡೆದು ಮೊಣಕೈಯವರೆಗೆ ಜುಮ್ಮೆಂದಿತು. ಬಂಡಿ ನಿಂತಿತು.

ಅಜ್ಜ ಎಮ್ಮೆಯ ಹಗ್ಗ ಹಿಡಿದುಕೊಂಡೇ ಬಂದರು.

"ಅದರ ಮ್ಯಾಲೆ ಕುಂತಿದ್ದೇನು?"

"ಇಲ್ಲರಿ. ಸ್ಟ್ಯಾಂಡ್ ಹಾಕಿದ್ದೆ."

"ಹಂಗಾದ್ರ ಇವತ್ತ ಹೊಳಿಯೊಳಗ ಬೀಳೂದು ತಪ್ಪಿತು."

ಕಲ್ಮೇಶ ಕಾರ್ಬುರೇಟರ್ ಬಿಚ್ಚಿ ನೋಡಿದ. ಎಡದ ಸ್ಲೈಡು ಮೇಲೆ ಏರಿದ್ದು ಅಲ್ಲೇ ಸಿಕ್ಕಿಕೊಂಡಿತ್ತು.

"ಇದು ದಪ್ಪ ಐತ್ರಿ," ಎಂದು ಎಮರಿ ಕಾಗದ ತೆಗೆದ. "ಒಂದೀಟು ತಿಕ್ಕಿದ್ರ ದಾರಿಗೆ ಬರತೈತಿ."

ಅಜ್ಜ ಅವನ ಮಣಿಕಟ್ಟು ಹಿಡಿದರು.

"ತಪ್ಪು ಯಾರದು?"

"ಸ್ಲೈಡಿಂದರಿ."

"ಬಲದ್ದು ಲೊಡಲೊಡ ಅಂತೈತಿ. ಅದು?"

"ಅದು ಸವದೈತ್ರಿ. ಅದರದೂ ತಪ್ಪ."

"ಒಂದು ದಪ್ಪ ಐತಿ, ಒಂದು ಸವದೈತಿ. ನಿನ್ನೆ ಎರಡೂ ಒಂದ ಅಂದಿದ್ದಿ."

ಕಲ್ಮೇಶ ಎಮರಿ ಕಾಗದವನ್ನೇ ನೋಡಿದ.

"ಅದಲು ಬದಲು ಮಾಡಿ ನೋಡು," ಎಂದು ಅಜ್ಜ ಎಮ್ಮೆ ಕಟ್ಟಲು ಹೋದರು.

ಅದಲು ಬದಲು ಮಾಡುವುದು ಚಿಟಿಕೆ ಹೊಡೆದಷ್ಟರ ಕೆಲಸ. ಕಲ್ಮೇಶನಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ತಿಕ್ಕಿ ಸರಿ ಮಾಡಿದರೆ ಅದು ಸ್ಲೈಡಿನ ತಪ್ಪು. ಅದಲು ಬದಲು ಮಾಡಿದರೆ, ಎರಡನ್ನೂ ಒಂದೇ ಪರಾತದಲ್ಲಿ ಕಲಸಿದವನ ತಪ್ಪು. ಹಾಗಾಗಿ ಜೆಟ್ಟು ಒರೆಸಿದ, ಜೆಟ್ಟಿನೊಳಗೆ ಇಳಿಯುವ ಸೂಜಿ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಹೊತ್ತು ಇಳಿಯುವಾಗ ಆಚೀಚೆ ನೋಡಿ, ಯಾರೂ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡು, ಎಡಕ್ಕಿದ್ದದ್ದನ್ನು ಬಲಕ್ಕೆ ಇಳಿಬಿಟ್ಟ.

ಸ್ಲೈಡು ತನ್ನ ಪಾಡಿಗೆ ಜಾರಿ ತಳ ಮುಟ್ಟಿತು. ಟಕ್ ಎಂದಿತು.

ಇನ್ನೊಂದನ್ನು ಎಡಕ್ಕೆ ಬಿಟ್ಟ. ಅದೂ ಟಕ್ ಎಂದಿತು.

"ಗುರುತು ಹಿಡದ್ವು," ಅಂದರು ಹಿಂದಿನಿಂದ ಅಜ್ಜ.

ಕಲ್ಮೇಶ ಬೆಚ್ಚಿದ. ಅಜ್ಜ ಯಾವಾಗ ಬಂದು ನಿಂತಿದ್ದರೋ.

"ಎರಡಕ್ಕೂ ನಂಬರ್ ಒಂದ ಐತಿ ಅಲ್ರಿ ಅಜ್ಜಾರ?"

"ಹೊಸಾವು ಇದ್ದಾಗ ಎರಡೂ ಒಂದ ಇದ್ವು. ಆಮ್ಯಾಲೆ ಸ್ಲೈಡೂ ಅದರ ಗಂಟಲೂ ಎಷ್ಟ ವರ್ಷ ಕೂಡಿ ಸವದಾವ. ಇದು ಸವದಲ್ಲೆ ಅದೂ ಸವದೈತಿ. ಈಗ ಇದರ ಜಾಗಾದಾಗ ಬ್ಯಾರೇದ್ದು ಕೂಡೂದಿಲ್ಲ."

ಕಲ್ಮೇಶನಿಗೆ ನೀಲವ್ವನ ನೆನಪಾಯಿತು. ನೆನಪಾದದ್ದಕ್ಕೆ ಸಿಟ್ಟೂ ಬಂತು. ಅಂದು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಬಂಡಿ ಈಗ ಮಾತು ಕೇಳುತ್ತಿತ್ತು. ಏರು ಅಂದರೆ ಏರುತ್ತಿತ್ತು, ಇಳಿ ಅಂದರೆ ಇಳಿಯುತ್ತಿತ್ತು. ಆದರೆ ನಿಂತಲ್ಲೇ ಚಳಿ ಜ್ವರ ಬಂದವರಂತೆ ನಡುಗುತ್ತಿತ್ತು.

ಅಜ್ಜ ಒಂದು ಲೋಟ ಮಜ್ಜಿಗೆ ತಂದು ಸೀಟಿನ ಮೇಲೆ ಇಟ್ಟರು.

"ಇದು ಚೆಲ್ಲಬಾರದು."

ಇಟ್ಟ ಕೈ ತೆಗೆಯುವಷ್ಟರಲ್ಲಿ ಲೋಟ ಉರುಳಿತು.

ಕಲ್ಮೇಶ ಬಲದ ಪ್ಲಗ್ಗಿನ ವೈರು ತೆಗೆದು, ಎಡದ್ದೊಂದನ್ನೇ ಓಡಿಸಿ, ಅದರ ಸ್ಕ್ರೂಗಳನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ಹದಕ್ಕೆ ತಂದ. ಆಮೇಲೆ ಎಡದ ವೈರು ತೆಗೆದು ಬಲದ್ದನ್ನೂ ಹಾಗೆಯೇ ಹದ ಮಾಡಿದ. ಒಂದೊಂದೂ ತಾನೇ ಓಡುವಾಗ ಹೆಸರಿಡುವಂತಿರಲಿಲ್ಲ. ಎರಡನ್ನೂ ಕೂಡಿಸಿದರೆ ಮತ್ತೆ ಅದೇ ನಡುಕ.

ಮರುದಿನವೂ ಮಜ್ಜಿಗೆ ಚೆಲ್ಲಿತು.

"ಎಡದ್ದು ಸರಿ ಐತ್ರಿ ಅಜ್ಜಾರ. ಬಲದ್ದೂ ಸರಿ ಐತಿ. ಬಂಡೀದ ಏನೋ ತಪ್ಪು."

ಅಜ್ಜ ಹೂದೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯ ಒಂದು ತುಂಡು ಕತ್ತರಿಸಿ ತಂದರು.

"ಒಂದು ತುದಿ ಕಿವಿಗೆ ಇಟಗೋ. ಇನ್ನೊಂದು ಅದರ ಬಾಯಿ ಹತ್ರ ಹಿಡಿ. ಅದು ಹೆಂಗ ಉಸಿರಾಡತೈತಿ ಕೇಳು."

ಕಲ್ಮೇಶ ಕೇಳಿದ. ಎಡದ್ದು ಸುಯ್ ಎಂದು ಜೋರಾಗಿ ಎಳೆಯುತ್ತಿತ್ತು. ಬಲದ್ದು ಮೆಲ್ಲಗೆ.

"ಬಲದ್ದು ಹಿಂದ ಬಿದ್ದೈತ್ರಿ. ಏರಸತೇನಿ."

ಏರಿಸಿದ. ಎಂಜಿನ್ನು ಕಿರುಚತೊಡಗಿತು. ಅಜ್ಜ ಕಿವಿ ಮುಚ್ಚಿಕೊಂಡರು.

"ಅದನ್ನ ಮೊದಲಿನಂಗ ಮಾಡಿ, ಎಡದ್ದನ್ನ ಇಳಸು."

"ಎಡದ್ದನ್ನ ನಾ ಹದಕ್ಕ ತಂದೇನ್ರಿ. ಸರಿ ಇದ್ದದ್ದನ್ನ ಯಾಕ ಇಳಸೂದು?"

"ಅದು ಒಂದ ಇದ್ದಾಗ ಸರಿ ಇತ್ತು."

ಕಲ್ಮೇಶ ಬಹಳ ಹೊತ್ತು ಸ್ಕ್ರೂಡ್ರೈವರ್ ಹಿಡಿದು ಕೂತ. ತಾನೇ ಸರಿ ಮಾಡಿದ್ದನ್ನು ತಾನೇ ಕೆಡಿಸಬೇಕು. ಹಲ್ಲು ಕಚ್ಚಿ ಎಡದ ಸ್ಕ್ರೂ ಸ್ವಲ್ಪ ಬಿಟ್ಟ. ಬಲದ್ದರ ಉಸಿರು ಕೇಳಿದ. ಮತ್ತೆ ಎಡದ್ದು ಕೇಳಿದ. ಇದನ್ನಿಷ್ಟು, ಅದನ್ನಿಷ್ಟು. ಒಂದನ್ನು ಮುಟ್ಟಿದರೆ ಇನ್ನೊಂದರ ಉಸಿರೂ ಬದಲಾಗುತ್ತಿತ್ತು.

ಕೊಳವೆಯಲ್ಲಿ ಎಡ ಯಾವುದು ಬಲ ಯಾವುದು ಗೊತ್ತಾಗದಂತಾದಾಗ ಎಂಜಿನ್ನಿನ ಸದ್ದು ತಟ್ಟನೆ ಇಳಿಯಿತು. ಬಂಡಿ ನಡುಗುವುದನ್ನು ಬಿಟ್ಟು ಗುನುಗತೊಡಗಿತು.

ಅಜ್ಜ ಮಜ್ಜಿಗೆಯ ಲೋಟ ಇಟ್ಟರು. ಮೇಲೆ ಸಣ್ಣ ಸಣ್ಣ ಅಲೆ ಎದ್ದವು. ಒಂದು ಹನಿಯೂ ಹೊರಗೆ ಬರಲಿಲ್ಲ.

"ಅಂತೂ ನನ್ನ ಮಜ್ಜಿಗಿ ನನಗ ಸಿಕ್ಕಿತು," ಎಂದು ಅಜ್ಜ ಅದನ್ನು ಕುಡಿದರು.

ಸೋಮವಾರ ಬೆಳಗಾಗುತ್ತಲೇ ಕಲ್ಮೇಶ ಮಿಂದು, ವಿಭೂತಿ ಹಚ್ಚಿಕೊಂಡು ಬಂದು ಕೈಮುಗಿದ.

"ಕಾಯಕ ಆತ್ರಿ ಅಜ್ಜಾರ. ದೀಕ್ಷಾ ಕೊಡ್ರಿ."

"ಬಂಡಿ ಏನೂ ಅಂದಿಲ್ಲಲ್ಲೋ. ನಿಂತಲ್ಲೆ ಗುಂಯ್ ಅಂದ್ರ ಏನ ತಿಳೀತೈತಿ? ಓಡಬೇಕು."

ಅಜ್ಜ ತಮ್ಮ ಜೋಳಿಗೆಯನ್ನು ಹಿಡಿಗೆ ತೂಗುಹಾಕಿ, ಕಾವಿ ಎತ್ತಿಕಟ್ಟಿ, ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಮಠದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

"ಎಲ್ಲಿಗ್ರಿ?"

"ಸುಮ್ಮನ ನಡಿ."

ಕವಲು ಬಂದಲ್ಲೆಲ್ಲ ಅಜ್ಜ ಹಿಂದಿನಿಂದ ಕೈ ಚಾಚುತ್ತಿದ್ದರು, ಕಲ್ಮೇಶ ಆ ಕಡೆ ತಿರುಗಿಸುತ್ತಿದ್ದ. ಬಂಡಿ ಚೆನ್ನಾಗಿ ಓಡುತ್ತಿತ್ತು. ಸೂರ್ಯಕಾಂತಿ ಹೊಲಗಳನ್ನು ದಾಟಿ ಒಂದು ಕೆರೆ ಕಂಡಾಗ ಅವನು ಬ್ರೇಕ್ ಹಾಕಿದ.

"ಅಜ್ಜಾರ, ಇದು ನೀಲವ್ವನ ಊರಿನ ದಾರಿ."

"ಹೌದು?"

"ಹಿರ್ಯಾರು ಕುಂತಿರತಾರ. ನಾ ಅಲ್ಲಿ ಹೋಗಿ ಏನ ಹೇಳಲಿ?"

"ಹೇಳಾಕ ಹೋಗೂದಿದ್ರ ಬಂಡಿ ಹಿಂದಕ್ಕ ತಿರುಗಸು. ಕೇಳಾಕಾದ್ರ ನಡಿ."

ಕಲ್ಮೇಶ ತಿರುಗಿಸಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಅದು ಹಿರಿಯರ ಹೆದರಿಕೆಯಲ್ಲ. ನೀಲವ್ವ "ಆತು, ಕಡದಬಿಡ್ರಿ" ಅಂದುಬಿಟ್ಟರೆ ಎಂಬ ಹೆದರಿಕೆ. ಅವಳು ಹಾಗನ್ನುವುದು ತನಗೆ ಬೇಡ ಎಂಬುದು ಅವನಿಗೆ ಆ ಕೆರೆಯ ದಂಡೆಯಲ್ಲಿ ನಿಂತಾಗಲೇ ಗೊತ್ತಾದದ್ದು.

ಗೇರ್ ಹಾಕಿದ.

ನೀಲವ್ವನ ತವರುಮನೆಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಅಜ್ಜನನ್ನು ಕಂಡು ಎಲ್ಲರೂ ಎದ್ದರು. ಅಜ್ಜ ಕೈಸನ್ನೆಯಲ್ಲೇ ಅವರನ್ನು ಕೂಡಿಸಿ, ಒಂದು ತಂಬಿಗೆ ನೀರು ಕೇಳಿದರು.

ನೀರು ತಂದವಳು ನೀಲವ್ವ. ಅಜ್ಜನಿಗೆ ಕೊಟ್ಟು, ಗಂಡನ ಕಡೆ ತಿರುಗಿದಳು. ಅವನು ಬಂಡಿ ಆರಿಸುವುದನ್ನೂ ಮರೆತು ನಿಂತಿದ್ದ.

"ಸಾಮಿಗೋಳು ಆಗಾಕ ಹೋಗೀರಿ ಅಂತ ಕೇಳಿದ್ದೆ. ಫಟಫಟಿ ಮ್ಯಾಲೆ ಬಂದೀರಲ್ಲ?"

ಕಲ್ಮೇಶನಿಗೆ ದಾರಿಯಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು.

"ನೀ ಹೊಂದಿಸಿದ ಕಲ್ಲು ಸರಿ ಇರತಿದ್ವು, ನೀಲಾ. ನಾ ಸುಮ್ಮಸುಮ್ಮನ ಮುಟ್ಟತಿದ್ದೆ."

ಹಿರಿಯರ ಎದುರಿಗೇ ಅಂದ. ಕಟ್ಟೆಯ ಮೇಲೆ ಯಾರೋ ಕೆಮ್ಮಿದರು.

"ಎಲ್ಲಾ ಸಲ ಸರಿ ಇರತಿದ್ದಿಲ್ಲ," ಅಂದಳು ನೀಲವ್ವ. ದನಿ ಸ್ವಲ್ಪ ಇಳಿದಿತ್ತು.

ಕಲ್ಮೇಶ ಕಿಸೆಯಿಂದ ರಬ್ಬರ್ ಕೊಳವೆ ತೆಗೆದು ಅವಳಿಗೆ ಕೊಟ್ಟ.

"ಇದನ್ನ ಕಿವಿಗೆ ಇಟಗೊಂಡು ಈ ಎರಡರ ಉಸಿರೂ ಕೇಳು. ಹೆಂಗ ಅದಾವ ಹೇಳು."

ನೀಲವ್ವ ಕೊಳವೆಯನ್ನೂ ಅವನನ್ನೂ ನೋಡಿದಳು. ಗಿರಣಿಯಲ್ಲಿ ಇಷ್ಟು ವರ್ಷ ಅವನು ಅವಳನ್ನು ಹೀಗೆ ಕೇಳಿದ್ದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಏನವಾ, ನಾವಿಲ್ಲಿ ನ್ಯಾಯಕ್ಕ ಕುಂತೇವಿ," ಅಂದರು ಕಟ್ಟೆಯ ಮೇಲಿಂದ ಅವಳ ಚಿಕ್ಕಪ್ಪ.

"ತಡೀರಿ ಕಾಕಾ. ಕೇಳಾಕತ್ತೇನಿ."

ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು, ಮತ್ತೆ ಎಡಕ್ಕೆ.

"ಬಲದ್ದು ಒಂದೀಟು ಜೋರ ಐತಿ."

'ಇಲ್ಲ' ಎಂಬುದು ಕಲ್ಮೇಶನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು ಸ್ಕ್ರೂಡ್ರೈವರ್ ಅವಳ ಕೈಗಿತ್ತ.

ಅವನು ತೋರಿಸಿದ ಸ್ಕ್ರೂವನ್ನು ಅವಳು ತಿರುವಿದಳು. ಎಂಜಿನ್ನು ಒಮ್ಮೆ ಕುಂದಿತು, ಮತ್ತೆ ಸಾವರಿಸಿಕೊಂಡಿತು. ಮೊದಲಿಗಿಂತ ಸರಿಯಾಯಿತೋ ಕೆಟ್ಟಿತೋ ಕಲ್ಮೇಶನ ಕಿವಿಗೆ ತಿಳಿಯಲಿಲ್ಲ. ಅವನ ಬೆರಳು ತಾನಾಗಿ ಸ್ಕ್ರೂ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಆ ಕೈಯನ್ನು ಅವನು ಕಿಸೆಯಲ್ಲಿ ಹಾಕಿಕೊಂಡ.

ನೀಲವ್ವ ಅದನ್ನು ನೋಡಿದಳು. ಅಂಗಿಯ ಕೆಂಪು ದಾರದ ಗುಂಡಿಯನ್ನೂ ನೋಡಿದಳು. ಆಮೇಲೆ ಎದ್ದು ಕೈ ಒರೆಸಿಕೊಂಡಳು.

"ನಿಂತಲ್ಲೆ ಏನ ತಿಳೀತೈತಿ? ಓಡಿಸಿ ನೋಡಬೇಕು," ಅಂದಳು. "ಕಾಕಾ, ನ್ಯಾಯ ಇವತ್ತ ಬ್ಯಾಡ್ರಿ."

ಕಲ್ಮೇಶನ ಕಣ್ಣು ತುಂಬಿ ಬಂದವು. ಮುಖ ಮರೆಸಿಕೊಳ್ಳಲು ಅಜ್ಜನ ಕಡೆ ತಿರುಗಿದ. ಅಜ್ಜ ಕಟ್ಟೆಯ ಬಳಿ ಇರಲಿಲ್ಲ. ಹಿಡಿಗೆ ತೂಗುಹಾಕಿದ್ದ ಜೋಳಿಗೆಯೂ ಇರಲಿಲ್ಲ. ಜೋಳಿಗೆಯನ್ನು ಹೆಗಲಿಗೇರಿಸಿ ಅವರು ಆಗಲೇ ಕೆರೆಯ ದಾರಿ ಹಿಡಿದಿದ್ದರು.

ಕಲ್ಮೇಶ ಹಿಂದೆ ಓಡಿದ.

"ಅಜ್ಜಾರ! ಬಂಡಿ ಮುಂಜಾನೆ ಸರಿ ಇತ್ತೋ, ಈಗ ಸರಿ ಐತೋ? ಅಷ್ಟ ಹೇಳಿ ಹೋಗ್ರಿ."

ಅಜ್ಜ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ.

"ನನ್ನ ಯಾಕ ಕೇಳತಿಯೋ? ನಾ ನಡಕೊಂಡ ಹೊಂಟೇನಿ."